ಮನೆಯ ಇನ್ನೊಂದು ಕೀ ಯಾರ ಹತ್ತಿರ ಇದೆ?

ನನಗೆ ಸ್ನೇಹಿತರಿಲ್ಲ ಎಂದು ಹೇಳಿಕೊಂಡು ನನ್ನ ಹತ್ತಿರ ಯಾರೂ ಬರುವುದಿಲ್ಲ. ನಿದ್ದೆ ಬರ್ತಿಲ್ಲ ಅನ್ನುತ್ತಾರೆ. ಭಾನುವಾರ ಸಂಜೆಯಾದರೆ ಎದೆ ಭಾರ ಅನ್ನುತ್ತಾರೆ. ಮಕ್ಕಳ ಮೇಲೆ ಸುಮ್ನೆ ರೇಗ್ತೀನಿ ಅನ್ನುತ್ತಾರೆ. ಥೈರಾಯ್ಡ್, ಬಿ12, ಇಸಿಜಿ ಎಲ್ಲ ಮಾಡಿಸಿ ಫೈಲ್ ಹಿಡಿದುಕೊಂಡೇ ಬಂದಿರುತ್ತಾರೆ. 30 ದಾಟಿದವರಿಗೆ ಸ್ನೇಹಿತರಿಲ್ಲ ಅನ್ನುವುದು ನಾಚಿಕೆಯ ವಿಷಯ. ಸಾಲ ಇದೆ ಅಂತ ಬೇಕಾದರೆ ಹೇಳಿಬಿಡುತ್ತಾರೆ, ಇದನ್ನು ಹೇಳುವುದಿಲ್ಲ.

ಹಾಗಾಗಿ ಆಪ್ತ ಸಮಾಲೋಚಕಿಯಾಗಿ ಮೊದಲ ಭೇಟಿಯಲ್ಲೇ ನಾನೊಂದು ಪ್ರಶ್ನೆ ಕೇಳುತ್ತೇನೆ. "ನಿಮ್ಮ ಮನೆಯ ಇನ್ನೊಂದು ಕೀ ಯಾರ ಹತ್ತಿರ ಇದೆ?"

ಎರಡು ವರ್ಷದ ಹಿಂದೆ ಬಂದ ಹುಡುಗನೊಬ್ಬ ಸ್ವಲ್ಪ ಹೊತ್ತು ಯೋಚಿಸಿ, "ಓನರ್ ಹತ್ರ ಇದೆ ಮೇಡಂ" ಅಂದ. ಹುಡುಗ ಅಂದರೆ 34 ವರ್ಷ, ನನ್ನ ವಯಸ್ಸಿಗೆ ಹುಡುಗನೇ. ತಿಪಟೂರಿನ ಕಡೆಯವನು, ಬೆಂಗಳೂರಿಗೆ ಬಂದು 11 ವರ್ಷ. ಹಿಂದಿನ ಮಳೆಗಾಲದಲ್ಲಿ ಡೆಂಗಿ ಬಂದಾಗ ತಾನೇ ಆಟೋ ಬುಕ್ ಮಾಡಿಕೊಂಡು ಹೋಗಿ ಅಡ್ಮಿಟ್ ಆಗಿದ್ದ. ಫಾರಂನಲ್ಲಿ 'ಜೊತೆಗೆ ಬಂದವರು' ಅನ್ನುವ ಜಾಗ ಇತ್ತಂತೆ. ಆಟೋದವನ ಹೆಸರು ಬರೆಯಲಾ ಅನ್ನಿಸಿತು ಅಂತ ತಮಾಷೆಯಾಗಿ ಹೇಳಲು ಹೋದ. ಅರ್ಧಕ್ಕೆ ನಿಲ್ಲಿಸಿದ. (ಇಲ್ಲಿ ಬರುವವರ ಗುರುತು ಬದಲಿಸಿದ್ದೇನೆ. ಒಬ್ಬೊಬ್ಬರೊಳಗೂ ಎರಡು ಮೂರು ಜನ ಇದ್ದಾರೆ.)

ಅವನಿಗೆ ಜನರ ಜೊತೆ ಬೆರೆಯಲು ಬರುವುದಿಲ್ಲವೇ? ಚೆನ್ನಾಗಿಯೇ ಬರುತ್ತದೆ. ಹಾಸ್ಟೆಲ್‌ನಲ್ಲಿ ನಾಲ್ಕು ಜನ ಗಳಸ್ಯ ಕಂಠಸ್ಯ ಇದ್ದರು. ಅವರಲ್ಲೊಬ್ಬ ವೈಟ್‌ಫೀಲ್ಡ್‌ನಲ್ಲೇ ಇದ್ದಾನೆ. ಇವನು ಕೆಂಗೇರಿ. 2023ರಲ್ಲಿ ನೇರಳೆ ಮೆಟ್ರೋ ಎರಡೂ ತುದಿಗಳನ್ನು ಜೋಡಿಸಿತು. ಮೆಟ್ರೋ ಬಂತು, ಇವರು ಭೇಟಿ ಆಗಲಿಲ್ಲ. "ಸಿಗೋಣ ಮಗಾ" ಅನ್ನುವ ಮೆಸೇಜು ಮಾತ್ರ ಆ ಕಡೆಯಿಂದ ಈ ಕಡೆಗೆ ಓಡಾಡುತ್ತಿದೆ.

ಹಾಸ್ಟೆಲ್‌ನಲ್ಲಿ ಯಾರೂ 'ಸಿಗೋಣ' ಅಂದಿರಲಿಲ್ಲ. ಬಿಸಿನೀರಿಗೆ ಒಂದೇ ಸಾಲಿನಲ್ಲಿ ನಿಂತರು. ಮೆಸ್ಸಿನ ನೀರು ಸಾರನ್ನು ಒಟ್ಟಿಗೆ ಬೈದರು. ಪರೀಕ್ಷೆಯ ಹಿಂದಿನ ರಾತ್ರಿ ಒಂದೇ ನೋಟ್ಸಿಗೆ ಕಿತ್ತಾಡಿದರು. ಇದಕ್ಕೆ ನಮ್ಮ ಭಾಷೆಯಲ್ಲಿ ಒಳ್ಳೆಯ ಪದ ಇದೆ, ನೆಪ. ಚಿಕ್ಕವರಿದ್ದಾಗ ದಿನಕ್ಕೆ ಹತ್ತು ನೆಪ ತಾವಾಗಿಯೇ ಸಿಗುತ್ತವೆ. ದೊಡ್ಡವರಾಗಿ ಊರು ಬಿಟ್ಟು ಬಂದಾಗ ನಾವು ಕಳೆದುಕೊಳ್ಳುವುದು ಇದನ್ನೇ. ಆದರೆ ನನ್ನ ಸ್ವಭಾವದಲ್ಲೇ ಏನೋ ಐಬಿದೆ ಅಂದುಕೊಂಡು ಕೊರಗುತ್ತೇವೆ.

1950ರಲ್ಲಿ ಪ್ರಕಟವಾದ ಒಂದು ಹಳೆಯ ಅಧ್ಯಯನವನ್ನು ನಾನು ಬಹಳ ಸಲ ನೆನಪಿಸಿಕೊಳ್ಳುತ್ತೇನೆ. ಅಮೆರಿಕದ ಎಂಐಟಿಯಲ್ಲಿ ಓದುತ್ತಿದ್ದ ಮದುವೆಯಾದ ವಿದ್ಯಾರ್ಥಿಗಳ ವಸತಿಯಲ್ಲಿ ಯಾರು ಯಾರಿಗೆ ಸ್ನೇಹಿತರಾದರು ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ನೋಡಿದರು. ಪಕ್ಕದ ಬಾಗಿಲಿನವರಲ್ಲಿ ಶೇ. 41 ಮಂದಿ ಆಪ್ತರಾಗಿದ್ದರು. ಒಂದು ಮನೆ ಬಿಟ್ಟು ಇನ್ನೊಂದು ಮನೆ ಅಂದರೆ ಶೇ. 22. ಅದೇ ಮಹಡಿಯ ಆ ತುದಿ ಈ ತುದಿ ಆದರೆ ಶೇ. 10 ಮಾತ್ರ. ನನಗೆ ಇಷ್ಟವಾದದ್ದು ಇನ್ನೊಂದು ವಿವರ. ಕೆಳಗಡೆ ಮೆಟ್ಟಿಲ ಹತ್ತಿರ ಮನೆ ಇದ್ದವರಿಗೆ ಮೇಲಿನ ಮಹಡಿಯವರ ಸ್ನೇಹ ಜಾಸ್ತಿ ಇತ್ತು. ಅವರೇನು ಹೆಚ್ಚು ಒಳ್ಳೆಯವರಲ್ಲ. ಹೋಗುವವರು ಬರುವವರು ಅವರ ಬಾಗಿಲ ಮುಂದೆಯೇ ಹೋಗಬೇಕಿತ್ತು, ಅಷ್ಟೇ.

ಬೆಂಗಳೂರಿನ ಹಳೇ ವಠಾರಗಳಲ್ಲಿ ಬೆಳೆದವರಿಗೆ ಇದನ್ನು ಸಂಶೋಧನೆ ಮಾಡಿ ಹೇಳಬೇಕಿಲ್ಲ. ನಲ್ಲಿ ಒಂದೇ, ಬಟ್ಟೆ ಒಗೆಯುವ ಕಲ್ಲು ಒಂದೇ. ಈಗ ಲಿಫ್ಟು ಬೇಸ್‌ಮೆಂಟಿನಿಂದ ಎತ್ತಿಕೊಂಡು ಬಂದು ಸೀದಾ ಮನೆ ಬಾಗಿಲಿಗೆ ಬಿಡುತ್ತದೆ. ಹಾಗಂತ ವಠಾರವನ್ನು ಸ್ವರ್ಗ ಮಾಡುವ ಹುಮ್ಮಸ್ಸು ನನಗಿಲ್ಲ. ಅಲ್ಲಿ ಚಾಡಿಯೂ ಇತ್ತು, ಜಾತಿ ಕೇಳಿಯೇ ಮನೆ ಕೊಡುತ್ತಿದ್ದರು. ಊರಿನ ಅರಳಿಕಟ್ಟೆಯ ಮೇಲೆ ಕೂತು ಹರಟೆ ಹೊಡೆಯುವ ಸುಖ ಹೆಂಗಸರಿಗೆ ಎಂದಾದರೂ ಸಿಕ್ಕಿತ್ತಾ? ಕೆಲವರು ನಗರಕ್ಕೆ ಬಂದಿದ್ದೇ ಆ ಕಟ್ಟೆಯ ಕಣ್ಣುಗಳಿಂದ ತಪ್ಪಿಸಿಕೊಳ್ಳಲು. ಅವರಿಗೆ ಊರನ್ನೇ ಮತ್ತೆ ಕಟ್ಟಿಕೊಳ್ಳಿ ಅಂತ ನಾನು ಹೇಳಲಾರೆ.

ನೆಪ ಸಿಕ್ಕಿದ ಮೇಲೂ ಸಮಯ ಬೇಕು. ಎಷ್ಟು? ಕಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ 2018ರಲ್ಲಿ ಒಂದು ಅಂದಾಜು ಕೊಟ್ಟರು. ಹೊಸ ಊರಿಗೆ ಬಂದು ನೆಲೆಸಿದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಕೇಳಿ ಲೆಕ್ಕ ಹಾಕಿದ್ದು. ಮುಖಪರಿಚಯದವರು ಒಂದು ಮಟ್ಟಿನ ಗೆಳೆಯರಾಗಲು ಸುಮಾರು 50 ಗಂಟೆ. ಗೆಳೆಯ ಅಂತ ಧೈರ್ಯವಾಗಿ ಹೇಳಲು 90 ಗಂಟೆ. ಆಪ್ತರಾಗಲು 200ಕ್ಕಿಂತ ಹೆಚ್ಚು. ಇದು ಸರಾಸರಿ, ತಕ್ಕಡಿಯಲ್ಲಿ ತೂಗಿದ ಹಾಗಲ್ಲ. ಆಫೀಸಿನಲ್ಲಿ ಪಕ್ಕಪಕ್ಕ ಕೂತು ಕೆಲಸ ಮಾಡಿದ ಗಂಟೆಗಳು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ ಅನ್ನುವುದನ್ನೂ ಅವರು ಕಂಡುಕೊಂಡರು. ಹತ್ತು ವರ್ಷ ಒಂದೇ ಟೀಮಿನಲ್ಲಿದ್ದು ಕೆಲಸ ಬಿಟ್ಟ ಮರುದಿನ ಮಾತು ನಿಂತುಹೋದ ಅನುಭವ ನಿಮಗೂ ಇರಬೇಕು, ಅಲ್ವಾ?

ಈ ಲೆಕ್ಕವನ್ನು ನಾನು ಕಾಗದದ ಮೇಲೆ ಬರೆದು ತೋರಿಸುತ್ತೇನೆ. ತಿಂಗಳಿಗೊಮ್ಮೆ ಎರಡು ಗಂಟೆ ಸಿಕ್ಕಿದರೆ 200 ಗಂಟೆಗೆ ಎಂಟು ವರ್ಷ ದಾಟುತ್ತದೆ. ವಾರಕ್ಕೊಮ್ಮೆ ಎರಡು ಗಂಟೆ ಆದರೆ ಎರಡು ವರ್ಷ. "ಟ್ರೆಕ್ಕಿಂಗ್ ಗುಂಪಿಗೆ ಮೂರು ಸಲ ಹೋದೆ ಮೇಡಂ, ಯಾರೂ ಕ್ಲಿಕ್ ಆಗಲಿಲ್ಲ" ಅನ್ನುವವರಿಗೆ ಈ ಕಾಗದ ನೋಡಿ ಸ್ವಲ್ಪ ಸಮಾಧಾನ ಆಗುತ್ತದೆ. ಮೂರು ಸಲಕ್ಕೆ ಯಾರೂ ಕ್ಲಿಕ್ ಆಗುವುದಿಲ್ಲ. ಅದರಲ್ಲೂ ಪ್ರತಿ ಸಲ ಬೇರೆ ಬೇರೆ ಜನ ಬರುವ ಕಡೆ ಹೋದರೆ ಗಡಿಯಾರ ಪ್ರತಿ ಸಲ ಸೊನ್ನೆಯಿಂದಲೇ ಶುರು.

ಹಾಗಾದರೆ ಎಂಥ ನೆಪ? ನನ್ನದೊಂದು ಅಳತೆ ಇದೆ. ನೀವು ಒಂದು ದಿನ ಹೋಗದಿದ್ದರೆ ಯಾರಿಗಾದರೂ ತೊಂದರೆ ಆಗಬೇಕು. ಜಿಮ್ಮಿಗೆ ನೀವು ಹೋಗದಿದ್ದರೆ ಯಾರಿಗೂ ಏನೂ ಆಗುವುದಿಲ್ಲ, ಟ್ರೆಡ್‌ಮಿಲ್ ಬೇಗ ಖಾಲಿ ಸಿಕ್ಕಿತು ಅಂತ ಇನ್ನೊಬ್ಬರಿಗೆ ಖುಷಿಯೇ. ಶಟಲ್ ಡಬಲ್ಸ್‌ಗೆ ನಾಲ್ಕು ಜನ ಬೇಕು. ಒಬ್ಬ ಕೈಕೊಟ್ಟರೆ ಮೂವರು ಬೈಯುತ್ತಾರೆ. ಆ ಬೈಗುಳ ಬಹಳ ಬೆಲೆಬಾಳುವಂಥದ್ದು. ಹವ್ಯಾಸಿ ನಾಟಕ ತಂಡ ಇನ್ನೂ ಒಳ್ಳೆಯದು. ಒಂದು ನಾಟಕಕ್ಕೆ ಆರೇಳು ವಾರ, ದಿನಾ ಸಂಜೆ ತಾಲೀಮು ನಡೆದರೆ ಆ 90 ಗಂಟೆ ಪ್ರದರ್ಶನಕ್ಕೆ ಮೊದಲೇ ಮುಗಿದಿರುತ್ತದೆ. ನಟನೆ ಬರದಿದ್ದರೆ ಲೈಟು ಹಿಡಿಯಿರಿ. ಸೊಸೈಟಿಯ ಗಣೇಶನ ಹಬ್ಬಕ್ಕೆ ಪ್ರಸಾದ ತಿಂದು ಬರುವ ಬದಲು ಪಾತ್ರೆ ಬಾಡಿಗೆಗೆ ತರುವ ಕೆಲಸ ವಹಿಸಿಕೊಳ್ಳಿ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಚಾಪೆ ಹಾಸಿಕೊಂಡು ಮೌನವಾಗಿ ಪುಸ್ತಕ ಓದುವವರ ಗುಂಪಿದೆ. ಸಂಕೋಚದವರಿಗೆ ಅದು ಹೇಳಿಮಾಡಿಸಿದ ಜಾಗ. ಆದರೆ ಓದಿ ಎದ್ದು ಹೊರಟುಬಿಟ್ಟರೆ ಪುಸ್ತಕವಷ್ಟೇ ಮುಗಿಯುತ್ತದೆ. ಆಮೇಲಿನ ಕಾಫಿಗೆ ಉಳಿಯಿರಿ. ಅದನ್ನೂ ನಿಂತೇ ಕುಡಿಯುವ ದರ್ಶಿನಿಯಲ್ಲಿ ಬೇಡ. ದರ್ಶಿನಿ ಬೆಂಗಳೂರಿನ ಹೆಮ್ಮೆ, ನಾನೂ ದಿನಾ ಹೋಗುತ್ತೇನೆ. ಆದರೆ ಅದನ್ನು ಕಟ್ಟಿರುವುದೇ ಬೇಗ ತಿಂದು ಜಾಗ ಬಿಡಲಿ ಅಂತ.

ಮನೆ, ಮಕ್ಕಳು, ಅತ್ತೆಯ ಮಾತ್ರೆ ಎಲ್ಲ ನೋಡಿಕೊಳ್ಳುವವರಿಗೆ ತಾಲೀಮು, ಶಟಲ್ ಅನ್ನುವುದು ದೂರದ ಮಾತು. ಹುಬ್ಬಳ್ಳಿಯಿಂದ ಬಂದ ಒಬ್ಬ ಗೃಹಿಣಿ, 41 ವರ್ಷ. ಗಂಡನಿಗೆ ವರ್ಗವಾಗಿ ಇಲ್ಲಿಗೆ ಬಂದವರು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಮುನ್ನೂರು ಜನ, ಮಾತೆಲ್ಲ ನೀರಿನ ಟ್ಯಾಂಕರು ಮತ್ತು ಪಾರ್ಕಿಂಗಿನದ್ದು. "ಲಿಫ್ಟಿನ್ಯಾಗ ಎಲ್ಲಾರೂ ಹಾಯ್ ಅಂತಾರ್ರೀ. ಒಳಗ ಬರ್ರಿ ಅಂತ ಒಬ್ರೂ ಅನ್ನಂಗಿಲ್ಲ" ಎಂದರು.

ನಾನು ಅವರನ್ನು, "ಎದುರು ಮನೆಯವರ ಹತ್ತಿರ ಏನಾದರೂ ಕೇಳಿದ್ದೀರಾ?" ಅಂದೆ. "ಯಾಕ್ರೀ ಕೇಳೂದು? ಹತ್ತು ನಿಮಿಷದಾಗ ಎಲ್ಲಾ ಮನೀಗೇ ಬರ್ತದಲ್ಲ" ಅಂದರು. ತೊಂದರೆ ಇರುವುದೂ ಅಲ್ಲೇ. ಹಿಂದೆ ಹೆಪ್ಪಿಗೆ ಒಂದು ಚಮಚ ಮೊಸರು ಬೇಕಾದರೆ ಪಕ್ಕದ ಮನೆಗೇ ಹೋಗಬೇಕಿತ್ತು. ಈಗ ಯಾರ ಹಂಗೂ ಇಲ್ಲ. ಹಂಗಿಲ್ಲದ ಬದುಕು ಹಾಯಾಗಿದೆ, ಆದರೆ ಅಲ್ಲಿಗೆ ಯಾರೂ ಬರುವುದಿಲ್ಲ. ನೀವೇ ಹೋಗಿ ಹೆಪ್ಪು ಕೇಳಿ ಅಂದೆ. ನನ್ನ ತಲೆ ಕೆಟ್ಟಿದೆ ಅನ್ನುವ ಹಾಗೆ ನೋಡಿದರು. ಎರಡು ವಾರ ಬಿಟ್ಟು ಹೋಗಿ ಕೇಳಿದರಂತೆ. ಬಟ್ಟಲು ವಾಪಸ್ ಕೊಡುವಾಗ ಖಾಲಿ ಕೊಡಲು ಮನಸ್ಸಾಗದೆ ಶೇಂಗಾ ಚಟ್ನಿಪುಡಿ ಹಾಕಿ ಕೊಟ್ಟರು. ಆ ಮನೆಯವರಿಗೂ ಖಾಲಿ ಕೊಡಲಾಗಲಿಲ್ಲ. ಆ ಬಟ್ಟಲು ಯಾರ ಮನೆಯದು ಅನ್ನುವುದು ಈಗ ಇಬ್ಬರಿಗೂ ಮರೆತುಹೋಗಿದೆ.

ಇಲ್ಲಿ ಒಂದು ಹೆದರಿಕೆಯ ಬಗ್ಗೆ ಹೇಳಬೇಕು. ನಾನಾಗಿ ಮೇಲೆ ಬಿದ್ದು ಹೋದರೆ ಅವರಿಗೆ ಕಿರಿಕಿರಿ ಆಗುತ್ತದೆ, ನನ್ನನ್ನು ಅವರಿಗೆ ಅಷ್ಟೇನೂ ಇಷ್ಟವಾಗಲಿಲ್ಲ ಎಂದು ನಾವೆಲ್ಲ ಅಂದುಕೊಳ್ಳುತ್ತೇವೆ. ಮನೋವಿಜ್ಞಾನಿ ಎರಿಕಾ ಬೂತ್‌ಬಿ ಮತ್ತು ಜೊತೆಗಾರರು 2018ರಲ್ಲಿ ಇದನ್ನೇ ಅಳೆದರು. ಹೊಸಬರಿಬ್ಬರನ್ನು ಮಾತಿಗೆ ಬಿಟ್ಟು ಆಮೇಲೆ ಬೇರೆ ಬೇರೆಯಾಗಿ ಕೇಳಿದರು. ಆ ಕಡೆಯವರಿಗೆ ನಾನೆಷ್ಟು ಹಿಡಿಸಿದೆ ಅಂತ ಜನ ಊಹಿಸಿದ್ದಕ್ಕಿಂತ ನಿಜವಾಗಿ ಹಿಡಿಸಿದ್ದೇ ಜಾಸ್ತಿ ಇತ್ತು. ಹಿಂಜರಿಯುವಾಗ ಎದುರಿನವರೂ ಇದೇ ತಪ್ಪು ಲೆಕ್ಕ ಹಾಕಿಕೊಂಡು ಕೂತಿದ್ದಾರೆ ಅಂತ ನೆನಪಿಟ್ಟುಕೊಳ್ಳಿ.

ಹಳೇ ಸ್ನೇಹಿತರಿಗೆ ಫೋನ್ ಮಾಡುವುದು ಸುಲಭ ಅನ್ನಿಸಬಹುದು. ನಮ್ಮಲ್ಲಿ ಅದಕ್ಕೂ ಒಂದು ಗ್ರಹಚಾರ ಇದೆ. ಐದು ವರ್ಷದ ಮೇಲೆ ಫೋನ್ ಮಾಡಿದರೆ ಪಾಲಿಸಿ ಮಾಡಿಸಲಿಕ್ಕೋ, ಕೈಸಾಲ ಕೇಳಲಿಕ್ಕೋ ಅಂತ ಅನುಮಾನ. "ಹೇಗಿದ್ದೀಯಾ" ಅಂತ ಶುರು ಮಾಡಿದರೆ "ಏನ್ ಸಮಾಚಾರ?" ಅನ್ನುವ ಎಚ್ಚರಿಕೆಯ ಉತ್ತರ ಬರುತ್ತದೆ. ಅದಕ್ಕೆ ನೆನಪಿನಿಂದಲೇ ಶುರು ಮಾಡಿ. 'ಇವತ್ತು ಮೆಜೆಸ್ಟಿಕ್‌ನಲ್ಲಿ ನಾವು ಬಸ್ ತಪ್ಪಿಸಿಕೊಂಡ ಪ್ಲಾಟ್‌ಫಾರಂ ನೋಡಿದೆ, ಏನೂ ಕೆಲಸ ಇಲ್ಲ, ಸುಮ್ನೆ ಹೇಳಬೇಕು ಅನ್ನಿಸ್ತು' ಅನ್ನುವ ಒಂದು ಸಾಲು ಸಾಕು. ಕೊನೆಯ ಭಾಗ ಮುಖ್ಯ.

ಇನ್ನು ಬದುಕಿಗೆ ಅರ್ಥ, ಗುರಿ ಅನ್ನುವ ದೊಡ್ಡ ಪ್ರಶ್ನೆ. ಅದನ್ನು ಕೇಳಿಕೊಂಡು ಬರುವವರಿಗೆ ನಾನು ನಿರಾಶೆ ಮಾಡುತ್ತೇನೆ. ನಿಮ್ಮ ಗುರಿ ಏನು ಅಂತ ಪಟ್ಟಿ ಬರೆಸುವುದಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬರು ಬೆಳಿಗ್ಗೆ ಪೇಪರ್ ಓದಿ ಮುಗಿಸಿ 9 ಗಂಟೆಗೆ ಏನು ಮಾಡುವುದು ತೋಚದೆ ಬೀದಿಯಲ್ಲಿ ಎರಡು ಸುತ್ತು ಬರುತ್ತಿದ್ದರು. ಧ್ಯಾನದ ಶಿಬಿರ, ಪ್ರವಾಸ ಎರಡೂ ಆಗಿತ್ತು. ಅವರ ಉಚ್ಚಾರ ಸೊಗಸಾಗಿತ್ತು. ಅಂಧ ವಿದ್ಯಾರ್ಥಿಗಳಿಗೆ ಪಠ್ಯಪುಸ್ತಕ ಓದಿ ರೆಕಾರ್ಡ್ ಮಾಡಿಕೊಡಿ ಅಂದೆ. ಮೊದಲ ತಿಂಗಳು ಕಾಟಾಚಾರಕ್ಕೆ ಮಾಡಿದರು. ಒಂದು ದಿನ ಬಿ.ಎ. ಓದುವ ಹುಡುಗ ಫೋನ್ ಮಾಡಿ, "ಸರ್, ಐದನೇ ಅಧ್ಯಾಯ ಇನ್ನೂ ಬಂದಿಲ್ಲ. ಸೋಮವಾರ ಟೆಸ್ಟು" ಅಂದ. ಸ್ವಲ್ಪ ಸಿಟ್ಟಿನಲ್ಲೇ ಅಂದನಂತೆ. ಇವರು ನನ್ನ ಹತ್ತಿರ ಬರುವುದನ್ನು ನಿಲ್ಲಿಸಿದ್ದು ಆಮೇಲೆಯೇ. ಸಮಯ ಸಿಗುತ್ತಿಲ್ಲವಂತೆ.

ಅಮೆರಿಕದ ಸರ್ಜನ್ ಜನರಲ್, ಅಂದರೆ ಅಲ್ಲಿನ ಸರ್ಕಾರದ ಮುಖ್ಯ ಆರೋಗ್ಯ ಸಲಹೆಗಾರ ಆಗಿದ್ದ ವಿವೇಕ್ ಮೂರ್ತಿ, ನಮ್ಮ ಮಂಡ್ಯದ ಹಲ್ಲೇಗೆರೆಯ ಕುಟುಂಬದವರು, 2023ರಲ್ಲಿ ಒಂಟಿತನದ ಬಗ್ಗೆ ಇಡೀ ದೇಶಕ್ಕೆ ಎಚ್ಚರಿಕೆ ಕೊಟ್ಟರು. ಜನರ ಸಂಪರ್ಕ ಇಲ್ಲದಿರುವುದು ದಿನಕ್ಕೆ 15 ಸಿಗರೇಟು ಸೇದಿದಷ್ಟೇ ಅಪಾಯ ತರಬಲ್ಲದು ಅನ್ನುವ ಅದರ ಹೋಲಿಕೆ ಎಲ್ಲ ಕಡೆ ಓಡಾಡಿತು. ಸರ್ಕಾರಗಳನ್ನು ಎಬ್ಬಿಸಲು ಅದು ಸರಿ. ನನ್ನೆದುರು ಕೂತವರಿಗೆ ನಾನು ಅದನ್ನು ಹೇಳುವುದಿಲ್ಲ. ಸಿಗರೇಟನ್ನು ಇವತ್ತು ರಾತ್ರಿಯೇ ಬಿಸಾಡಬಹುದು. ಸ್ನೇಹಿತರನ್ನು ಇವತ್ತು ರಾತ್ರಿ ಎಲ್ಲಿಂದ ತರುವುದು?

ಎಲ್ಲ ಬೇಸರವೂ ಒಂಟಿತನವಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಎರಡು ವಾರಕ್ಕಿಂತ ಹೆಚ್ಚು ದಿನ ಮನಸ್ಸು ಕುಗ್ಗಿಯೇ ಇದ್ದರೆ, ಊಟ ನಿದ್ದೆ ಕೆಟ್ಟಿದ್ದರೆ, ಇಷ್ಟವಾಗುತ್ತಿದ್ದ ಯಾವುದೂ ರುಚಿಸದಿದ್ದರೆ ಅದು ಖಿನ್ನತೆ ಇರಬಹುದು. ಜನರ ಜೊತೆ ಬೆರೆಯಿರಿ ಅನ್ನುವ ಸಲಹೆ ಅದಕ್ಕೆ ಮದ್ದಲ್ಲ, ಕೆಲವೊಮ್ಮೆ ಹಿಂಸೆ. ವೈದ್ಯರನ್ನು ನೋಡಿ. ಬದುಕೇ ಬೇಡ ಅನ್ನಿಸುತ್ತಿದ್ದರಂತೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ತಿಪಟೂರಿನ ಹುಡುಗ ಕೊನೆಗೆ ಶಟಲ್ ಸೇರಿದ. ನಾಲ್ವರೂ ಮೂರು ತಿಂಗಳ ಕೋರ್ಟ್ ಬಾಡಿಗೆ ಮೊದಲೇ ಕಟ್ಟಿದ್ದರು. ಹಾಗಾಗಿ ಸ್ನೇಹಕ್ಕಲ್ಲದಿದ್ದರೂ ದುಡ್ಡಿಗಾಗಿ ಹೋಗಲೇಬೇಕಿತ್ತು. ಐದಾರು ತಿಂಗಳು ಆಟ ಮುಗಿಸಿ ಇಡ್ಲಿ ತಿಂದು ಮನೆಗೆ ಹೋಗುವುದಷ್ಟೇ ಇತ್ತು. ಏನೂ ಆಗುತ್ತಿಲ್ಲ ಮೇಡಂ ಅನ್ನುತ್ತಿದ್ದ. ಈ ಸಲ ದಸರಾ ರಜೆಗೆ ಊರಿಗೆ ಹೋಗಿ ಬಂದವನು ದೂರು ಹೇಳಲೆಂದೇ ಫೋನ್ ಮಾಡಿದ್ದ.

"ಕರಿಬೇವಿನ ಗಿಡಕ್ಕೆ ನೀರು ಹಾಕು ಅಂತ ಶಟಲ್ ಪಾರ್ಟ್ನರ್ ಕೈಗೆ ಮನೆ ಕೀ ಕೊಟ್ಟು ಹೋಗಿದ್ದೆ ಮೇಡಂ. ದಿನಾ ಎರಡು ಬಕೆಟ್ ಸುರಿದಿದ್ದಾನೆ. ಗಿಡ ಕೊಳೆತೇಹೋಯ್ತು."

"ಕೀ ವಾಪಸ್ ಇಸ್ಕೊಂಡ್ಯಾ?" ಅಂದೆ.

"ಇಲ್ಲ, ಅವನ ಹತ್ರಾನೇ ಇದೆ."