ಒಂದೇ ಇಲಿಯಲ್ಲಿ ಎರಡು ಗಡ್ಡೆ

ಎದೆಯ ಗಡ್ಡೆಯ ಶಸ್ತ್ರಚಿಕಿತ್ಸೆಯಾಗಿ ಎಂಟನೆಯ ತಿಂಗಳಿಗೆ ನಮ್ಮ ದೊಡ್ಡಮ್ಮ ಗುಳಿಗೆ ನಿಲ್ಲಿಸಿಬಿಟ್ಟರು. ದಿನಕ್ಕೊಂದರಂತೆ ನುಂಗಬೇಕಿದ್ದ 20 ಮಿಲಿಗ್ರಾಮಿನ ಟಾಮೋಕ್ಸಿಫೆನ್. ಅರ್ಧ ಖಾಲಿಯಾದ ಹಾಳೆ ದೇವರ ಗೂಡಿನಲ್ಲಿ ಕುಂಕುಮದ ಭರಣಿಯ ಹಿಂದೆ ಸಿಕ್ಕಿತು. ಕೇಳಿದ್ದಕ್ಕೆ, "ಗಡ್ಡೆಯೇ ಹೋಯಿತಲ್ಲ, ಇನ್ನೇಕೆ ಮಾರಾಯ? ಅದು ಹಾರ್ಮೋನಿನ ಗುಳಿಗೆಯಂತೆ. ಮೂಳೆಯನ್ನೆಲ್ಲ ತಿಂದುಹಾಕುತ್ತದಂತೆ" ಎಂದರು.

ಈ ಮಾತನ್ನು ನಾನು ಬೇರೆ ಮನೆಗಳಲ್ಲಿಯೂ ಕೇಳಿದ್ದೇನೆ, ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಏಕೆಂದರೆ ಈ ಮೂರೂ ಅನುಮಾನಗಳನ್ನು ಒಬ್ಬ ವಿಜ್ಞಾನಿ ತನ್ನ ಪ್ರಯೋಗಾಲಯದ ಇಲಿಗಳ ಮುಂದೆ ಇಟ್ಟು, ಉತ್ತರ ಪಡೆಯುವುದರಲ್ಲೇ ಆಯುಷ್ಯ ಕಳೆದಿದ್ದಾನೆ. ಆತ ಕ್ರೇಗ್ ಜೋರ್ಡನ್. 1947ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿ, ಇಂಗ್ಲೆಂಡಿನ ಚೆಷೈರ್‌ನಲ್ಲಿ ಬೆಳೆದವರು. ಹುಡುಗನಿದ್ದಾಗ ಮಲಗುವ ಕೋಣೆಯನ್ನೇ ರಸಾಯನಶಾಲೆ ಮಾಡಿಕೊಂಡಿದ್ದರು, ತಾಯಿ ಅಡ್ಡಿ ಮಾಡಲಿಲ್ಲ.

ಅವರು ಕೈಗೆತ್ತಿಕೊಂಡದ್ದು ಒಂದು ಸೋತ ಔಷಧವನ್ನು. ಐಸಿಐ ಎಂಬ ಬ್ರಿಟಿಷ್ ಕಂಪನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನ ವಿಜ್ಞಾನಿ 1962ರಲ್ಲಿ ಈ ವಸ್ತುವನ್ನು ತಯಾರಿಸಿದರು. ಅದಕ್ಕೆ ಆಗ ಟಾಮೋಕ್ಸಿಫೆನ್ ಎಂಬ ಹೆಸರೂ ಇರಲಿಲ್ಲ, 46,474 ಎಂಬ ಸಂಖ್ಯೆ ಮಾತ್ರ. ಗರ್ಭ ನಿಲ್ಲದಂತೆ ಮಾಡುವ ಗುಳಿಗೆ ಬೇಕೆಂಬುದು ಕಂಪನಿಯ ಆಸೆ. ಇಲಿಗಳಲ್ಲಿ ಅದು ಕೆಲಸವನ್ನೂ ಮಾಡಿತು. ಹೆಂಗಸರಲ್ಲಿ ಮಾತ್ರ ತದ್ವಿರುದ್ಧ: ಅಂಡ ಬಿಡುಗಡೆಗೆ ಅದೇ ಪ್ರಚೋದನೆ ಕೊಟ್ಟಿತು! ಅಷ್ಟಕ್ಕೇ ಕಡತ ಮುಚ್ಚಿಹೋಗಬೇಕಿತ್ತು. ಆರ್ಥರ್ ವಾಲ್ಪೋಲ್ ಎಂಬ ಹಿರಿಯರ ಹಟದಿಂದ ಅದು ಉಳಿಯಿತು. 1971ರಲ್ಲಿ ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯಲ್ಲಿ ಕಾಯಿಲೆ ಮುಂದುವರಿದ 46 ರೋಗಿಗಳಿಗೆ ಕೊಟ್ಟು ನೋಡಿದಾಗ ಹತ್ತು ಮಂದಿಯಲ್ಲಿ ಗುಣ ಕಂಡಿತು.

ಹಾರ್ಮೋನಿಗೂ ಎದೆಯ ಕ್ಯಾನ್ಸರಿಗೂ ನಂಟಿದೆ ಎಂಬುದು ಹಳೆಯ ವಿಷಯ. ಗ್ಲಾಸ್ಗೋದ ವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲೇ, ಅಂಡಾಶಯ ತೆಗೆದರೆ ಕೆಲವರ ಎದೆಯ ಗಡ್ಡೆ ಕರಗುತ್ತದೆಂದು ಬರೆದಿದ್ದರು. ಕರು ಹಾಕಿದ ಹಸುವಿನ ಅಂಡಾಶಯ ತೆಗೆದರೆ ಅದು ಬಹುಕಾಲ ಹಾಲು ಕೊಡುತ್ತದೆಂಬ ರೈತರ ಅನುಭವ ಅವರ ಗಮನಕ್ಕೆ ಬಂದಿತ್ತು. ಕೊಟ್ಟಿಗೆಯ ಈ ತಿಳಿವಳಿಕೆ ಆಸ್ಪತ್ರೆಯ ಮೇಜಿಗೆ ಬಂದ ಬಗೆ ನನಗೆ ಇಂದಿಗೂ ಬೆರಗು. ಆದರೆ ಎಲ್ಲರಿಗೂ ಏಕೆ ಗುಣವಾಗಲಿಲ್ಲ? ಉತ್ತರಕ್ಕೆ ಅರವತ್ತು ವರ್ಷ ಕಾಯಬೇಕಾಯಿತು. ಅಂಡಾಶಯದಿಂದ ಬರುವ ಹಾರ್ಮೋನು ಈಸ್ಟ್ರೋಜೆನ್. ಷಿಕಾಗೋದ ಎಲ್ವುಡ್ ಜೆನ್ಸನ್ ವಿಕಿರಣ ಸೂಸುವ ಈಸ್ಟ್ರೋಜೆನ್ ತಯಾರಿಸಿ ಇಲಿಗಳಿಗೆ ಚುಚ್ಚಿದರು. ಸ್ನಾಯುಗಳು ಅದನ್ನು ಬಂದ ಹಾಗೇ ಬಿಟ್ಟುಕೊಟ್ಟವು, ಗರ್ಭಕೋಶ ಮಾತ್ರ ಹಿಡಿದಿಟ್ಟುಕೊಂಡಿತು. ಹಿಡಿದಿಡುವ ಒಂದು ಗ್ರಾಹಕ ಅಲ್ಲಿದೆ ಎಂದಾಯಿತು. ಆ ಗ್ರಾಹಕವಿರುವ ಗಡ್ಡೆಗಷ್ಟೇ ಟಾಮೋಕ್ಸಿಫೆನ್ ನಾಟುತ್ತದೆ. ಅದು ಇದೆಯೋ ಇಲ್ಲವೋ ತಿಳಿಯಲು ಗಡ್ಡೆಯ ಚೂರು ತೆಗೆದು ಪರೀಕ್ಷಿಸಲೇಬೇಕು. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹಬ್ಬುತ್ತದೆ’ ಎಂದು ಹೆದರಿಸಿ ಹೆಂಗಸರನ್ನು ನಾಟಿ ಲೇಪಗಳ ಕಡೆಗೆ ಕಳಿಸುವವರು ಅವರ ಎಷ್ಟು ತಿಂಗಳುಗಳನ್ನು ನುಂಗಿಹಾಕುತ್ತಿದ್ದಾರೆಂದು ನೆನೆದರೆ ಸಿಟ್ಟು ಬರುತ್ತದೆ.

ಗ್ರಾಹಕದ ಕೆಲಸವನ್ನು ಬೀಗ, ಕೀಲಿಕೈ ಎಂದು ವಿವರಿಸುವುದು ರೂಢಿ. ನನಗೆ ಅದು ಸಾಲದು. ಗ್ರಾಹಕವನ್ನು ಒಂದು ಪಾತ್ರೆ ಎಂದುಕೊಳ್ಳಿ, ಅದಕ್ಕೊಂದು ಅಂಟಿಕೊಂಡ ಮುಚ್ಚಳ. ಈಸ್ಟ್ರೋಜೆನ್ ಪುಟ್ಟದು, ಪೂರ್ತಿಯಾಗಿ ಒಳಗೆ ಕೂರುತ್ತದೆ, ಮೇಲೆ ಮುಚ್ಚಳ ಸರಿಯಾಗಿ ಬಿಗಿಯುತ್ತದೆ. ಟಾಮೋಕ್ಸಿಫೆನ್ನಿಗೆ ಉದ್ದನೆಯ ಬಾಲವಿದೆ. ಅನ್ನದ ಪಾತ್ರೆಯೊಳಗೆ ಸೌಟು ಬಿಟ್ಟು ಮುಚ್ಚಲು ಹೋದರೆ ಏನಾಗುತ್ತದೆಯೋ ಅದೇ ಆಗುತ್ತದೆ: ಹಿಡಿ ಹೊರಗೆ ಚಾಚಿಕೊಂಡು ಮುಚ್ಚಳ ಓರೆಯಾಗುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಸೊಗಸಾದುದು. ಸರಿಯಾಗಿ ಬಿಗಿದ ಮುಚ್ಚಳದ ಪಕ್ಕದಲ್ಲೇ ಒಂದು ಮಣೆ ಏರ್ಪಡುತ್ತದೆ. ಕೋಶಕ್ಕೆ ‘ಬೆಳೆ, ಇಬ್ಭಾಗವಾಗು’ ಎಂದು ಹೇಳಿಸುವ ಸಹಾಯಕ ಪ್ರೋಟೀನುಗಳು ಬಂದು ಕೂರುವುದು ಆ ಮಣೆಯ ಮೇಲೆ. ಓರೆಯಾದ ಮುಚ್ಚಳ ಜಾರಿ ಬೀಳುವುದೂ ಅದೇ ಮಣೆಯ ಮೇಲೆ! ನೆಂಟರು ಬಂದಾಗ ಕೂರಲು ಜಾಗವಿಲ್ಲ, ಬಡಿಸುವುದು ನಿಲ್ಲುತ್ತದೆ. 1998ರ ಹೊತ್ತಿಗೆ, ಗ್ರಾಹಕವನ್ನು ಸ್ಫಟಿಕವಾಗಿಸಿ ಎಕ್ಸ್-ರೇಯಿಂದ ತೆಗೆದ ಚಿತ್ರಗಳಲ್ಲಿ ಇದು ಕಣ್ಣಿಗೇ ಕಂಡಿತು. ದೊಡ್ಡಮ್ಮ ನುಂಗುತ್ತಿದ್ದದ್ದು ಹಾರ್ಮೋನನ್ನಲ್ಲ, ಹಾರ್ಮೋನಿನ ಜಾಗ ಹಿಡಿದು ಕೂರುವ ಸೌಟನ್ನು.

ಸೌಟು ತೆಗೆದರೆ ಮುಚ್ಚಳ ಮತ್ತೆ ಕೂರುತ್ತದೆ. ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಎಪ್ಪತ್ತರ ದಶಕದಲ್ಲಿ ಜೋರ್ಡನ್ ನೋಡಿದ್ದು ಇದನ್ನೇ. ಸ್ತನದ ಗಡ್ಡೆ ಬರಿಸುವ ರಾಸಾಯನಿಕ ತಿನ್ನಿಸಿದ ಇಲಿಗಳಿಗೆ ತಿಂಗಳೊಪ್ಪತ್ತು ಔಷಧ ಕೊಟ್ಟು ನಿಲ್ಲಿಸಿದರೆ ಗಡ್ಡೆ ತಡವಾಗಿಯಾದರೂ ಬಂತು. ಬಿಡದೆ ಕೊಟ್ಟ ಇಲಿಗಳಲ್ಲಿ ಹೆಚ್ಚಿನವು ಗಡ್ಡೆಯಿಲ್ಲದೆ ಉಳಿದವು. ಒಂದೆರಡು ವರ್ಷ ಕೊಟ್ಟರೆ ಸಾಕೆಂದಿದ್ದ ವೈದ್ಯರು ನಿಧಾನವಾಗಿ ಐದಕ್ಕೆ ಬಂದರು. ಗ್ರಾಹಕವಿರುವ ಗಡ್ಡೆಯವರು ಐದು ವರ್ಷ ನುಂಗಿದರೆ, ಶುರುವಾದಲ್ಲಿಂದ ಹದಿನೈದು ವರ್ಷಗಳಲ್ಲಿ ಈ ಕಾಯಿಲೆಯಿಂದ ಆಗುವ ಸಾವು ಸುಮಾರು ಮೂರರಲ್ಲೊಂದರಷ್ಟು ಇಳಿಯುತ್ತದೆ. ಗಡ್ಡೆ ಹೋದ ಮೇಲೆ ಗುಳಿಗೆ ಏಕೆಂದರೆ, ಕಣ್ಣಿಗೆ ಕಾಣದೆ ಉಳಿದ ಕೋಶಗಳು ಇನ್ನೂ ಆ ಮಣೆಯ ಕಡೆ ನೋಡುತ್ತಿರುತ್ತವೆ.

ಮೂಳೆಯ ಭಯಕ್ಕೆ ಆಧಾರವಿತ್ತು ಎಂದು ಒಪ್ಪಬೇಕು. ಮುಟ್ಟು ನಿಂತ ಮೇಲೆ ಈಸ್ಟ್ರೋಜೆನ್ ಇಳಿದು ಮೂಳೆ ಸವೆಯುವುದು ನಿಜ. ಹಾಗಾದರೆ ಈಸ್ಟ್ರೋಜೆನ್ನನ್ನು ತಡೆಯುವ ಔಷಧ ಮೂಳೆಯನ್ನು ಇನ್ನಷ್ಟು ಸವೆಸಬೇಡವೇ? ಅಂಡಾಶಯ ತೆಗೆದ ಇಲಿಗಳಲ್ಲಿ ಜೋರ್ಡನ್ ತಂಡ ಪರೀಕ್ಷಿಸಿತು. 1987ರಲ್ಲಿ ಪ್ರಕಟವಾದ ಉತ್ತರ ಎಲ್ಲರ ಲೆಕ್ಕ ತಪ್ಪಿಸಿತು: ಮೂಳೆ ಉಳಿದಿತ್ತು. 1992ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಮುಟ್ಟು ನಿಂತ ಹೆಂಗಸರಲ್ಲೂ ಬೆನ್ನುಮೂಳೆಯ ಸಾಂದ್ರತೆ ಉಳಿದದ್ದು ಕಂಡಿತು. ಮುಟ್ಟು ನಿಲ್ಲದ ಕಿರಿಯರಲ್ಲಿ ಲೆಕ್ಕ ಬೇರೆ, ಅವರ ಮೂಳೆ ಸ್ವಲ್ಪ ಸವೆಯಬಹುದು. ನಮ್ಮ ದೊಡ್ಡಮ್ಮನಿಗೆ ಅರವತ್ತೆರಡು.

ಇನ್ನು ಆ ಇಲಿ. 1988ರಲ್ಲಿ ಜೋರ್ಡನ್ ತಂಡ ರೋಗನಿರೋಧಕ ಶಕ್ತಿಯಿಲ್ಲದ, ಮೈಮೇಲೆ ಕೂದಲೂ ಇಲ್ಲದ ಇಲಿಗಳ ಒಂದು ಮಗ್ಗುಲಿಗೆ ಮನುಷ್ಯರ ಸ್ತನದ ಗಡ್ಡೆ, ಇನ್ನೊಂದು ಮಗ್ಗುಲಿಗೆ ಗರ್ಭಕೋಶದ ಒಳಪದರದ ಗಡ್ಡೆ ಕಸಿ ಮಾಡಿತು. ಈಸ್ಟ್ರೋಜೆನ್ ಕೊಟ್ಟರೆ ಎರಡೂ ಬೆಳೆದವು. ಜೊತೆಗೆ ಟಾಮೋಕ್ಸಿಫೆನ್ ಕೊಟ್ಟಾಗ ಸ್ತನದ ಗಡ್ಡೆ ನಿಂತಲ್ಲೇ ನಿಂತಿತು, ಗರ್ಭಕೋಶದ್ದು ಬೆಳೆಯುತ್ತಲೇ ಹೋಯಿತು. ಅದೇ ರಕ್ತ, ಅದೇ ಔಷಧ. ವ್ಯತ್ಯಾಸ ಇದ್ದದ್ದು ನೆಂಟರಲ್ಲಿ. ಒಂದೊಂದು ಅಂಗದ ಕೋಶದಲ್ಲಿ ಸಹಾಯಕ ಪ್ರೋಟೀನುಗಳ ಗುಂಪು ಬೇರೆ. ಗರ್ಭಕೋಶದಲ್ಲಿ ಆ ಮಣೆ ಸಿಗದಿದ್ದರೂ ಗ್ರಾಹಕದ ಇನ್ನೊಂದು ತುದಿಯ ಹಿತ್ತಿಲ ಬಾಗಿಲಿನಿಂದ ಕೆಲಸ ನಡೆಸುವವರಿದ್ದಾರೆ. ತಾನು ಬೆಳೆಸಿದ ಔಷಧದ ಹಾನಿಯನ್ನು ತನ್ನದೇ ಪ್ರಯೋಗಾಲಯದಲ್ಲಿ ಹುಡುಕಿ ಪ್ರಕಟಿಸುವುದಕ್ಕೆ ಎದೆಗಾರಿಕೆ ಬೇಕು. ಜೋರ್ಡನ್ ಮೇಲಿನ ನನ್ನ ಗೌರವ ಇಮ್ಮಡಿಯಾದದ್ದು ಇಲ್ಲಿ.

ಅಲ್ಲಿಂದ ಅವರು ಹಿಡಿದದ್ದು ಗರ್ಭಕೋಶವನ್ನು ಕೆಣಕದೆ ಮೂಳೆ ಕಾಯುವ, ಎದೆಯನ್ನೂ ಕಾಯುವ ಅಣುವಿನ ದಾರಿ. ಇನ್ನೊಂದು ಕಂಪನಿ ಕೈಬಿಟ್ಟಿದ್ದ ರಾಲೋಕ್ಸಿಫೆನ್ ಹೀಗೆ ಮರುಜನ್ಮ ಪಡೆಯಿತು. ಅಮೆರಿಕದಲ್ಲಿ 1997ರಲ್ಲಿ ಮೂಳೆ ಸವೆತಕ್ಕೆ, 2007ರಲ್ಲಿ ಸ್ತನ ಕ್ಯಾನ್ಸರಿನ ಅಪಾಯ ತಗ್ಗಿಸಲು ಒಪ್ಪಿಗೆ ಸಿಕ್ಕಿತು. ಇದೇ ಬಳಗದ ಒಂದು ಅಣು ನಮ್ಮ ದೇಶದ್ದು, ಲಖನೌನ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯದು. ಐಸಿಐ ಕಂಡ ಗರ್ಭನಿರೋಧಕದ ಕನಸು ಅಲ್ಲಿ ನನಸಾಯಿತು. ಮೊದಲು ‘ಸಹೇಲಿ’ ಎಂದು ಅಂಗಡಿಗೆ ಬಂದ ಅದು ಈಗ ‘ಛಾಯಾ’ ಎಂಬ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುತ್ತದೆ.

ಜೋರ್ಡನ್ 2024ರ ಜೂನ್‌ನಲ್ಲಿ ತೀರಿಕೊಂಡರು. ಅದಕ್ಕೆ ಆರು ವರ್ಷ ಮೊದಲೇ ಅವರಿಗೆ ಮೂತ್ರಪಿಂಡದ ಕ್ಯಾನ್ಸರ್ ಪತ್ತೆಯಾಗಿತ್ತು. ಚಿಕಿತ್ಸೆಯ ನಡುವೆಯೂ ಹ್ಯೂಸ್ಟನ್ನಿನ ತಮ್ಮ ಪ್ರಯೋಗಾಲಯದ ಕೆಲಸ ಬಿಡಲಿಲ್ಲ.

ದೊಡ್ಡಮ್ಮನಿಗೆ ನಾನು ಅಡುಗೆಮನೆಯಲ್ಲೇ ಕುಳಿತು ಪಾತ್ರೆ, ಸೌಟು, ಮುಚ್ಚಳ ಹಿಡಿದು ತೋರಿಸಿದೆ. ಆ ಎರಡು ಗಡ್ಡೆಗಳ ಇಲಿಯ ವಿಷಯವನ್ನೂ ಮುಚ್ಚಿಡಲಿಲ್ಲ. ಮುಟ್ಟು ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ನಾಚಿಕೊಂಡು ಕೂರದೆ ಆ ವಾರವೇ ವೈದ್ಯರಿಗೆ ಹೇಳಬೇಕು, ಕಾಲು ಊದಿದರೆ ಅಥವಾ ಉಸಿರು ಕಟ್ಟಿದರೆ ಅಂದೇ ಹೋಗಬೇಕು ಎಂದೆ. ಅವರು ಸೌಟನ್ನು ಪಾತ್ರೆಯಿಂದ ತೆಗೆದು ಮುಚ್ಚಳ ಬಿಗಿಯುವುದನ್ನು ನೋಡಿದರು, ಮತ್ತೆ ಒಳಗಿಟ್ಟು ಓರೆಯಾಗುವುದನ್ನು ನೋಡಿದರು. ಮರುದಿನ ನನ್ನನ್ನೂ ಕರೆದುಕೊಂಡು ವೈದ್ಯರಲ್ಲಿಗೆ ಹೋದರು. ಗುಳಿಗೆಯ ಹಾಳೆ ಈಗ ಕಾಫಿಪುಡಿ ಡಬ್ಬಿಯ ಪಕ್ಕದಲ್ಲಿದೆ.