ಟೆಕ್ಸಾಸ್ ದಂಗೆಗೆ ಮುಂಚಿನ 15 ವರ್ಷಗಳು

1836ರ ಮಾರ್ಚ್ 2ರಂದು ಬ್ರಾಜೋಸ್ ನದಿಯ ದಂಡೆಯ ವಾಷಿಂಗ್ಟನ್ ಎಂಬ ಸಣ್ಣ ಊರಿನಲ್ಲಿ ಸೇರಿದ್ದ, ಆಗ ಮೆಕ್ಸಿಕೊದ ಭಾಗವಾಗಿದ್ದ ಟೆಕ್ಸಾಸ್‌ನ ವಲಸಿಗರ ಪ್ರತಿನಿಧಿಗಳು ಮೆಕ್ಸಿಕೊದೊಂದಿಗಿನ ತಮ್ಮ ಸಂಬಂಧ ಮುಗಿಯಿತೆಂದು ಘೋಷಿಸಿದರು. ಇದಕ್ಕೆ ನಾಲ್ಕು ತಿಂಗಳ ಹಿಂದಷ್ಟೇ, 1835ರ ನವೆಂಬರ್ 7ರಂದು, ಇದೇ ವಲಸಿಗರ ಸಭೆ ತಾವು ಆಯುಧ ಹಿಡಿದಿರುವುದು ಮೆಕ್ಸಿಕೊದ 1824ರ ಸಂವಿಧಾನವನ್ನು ಕಾಪಾಡುವುದಕ್ಕೆ ಎಂದು ಸಾರಿತ್ತು. ಸಂವಿಧಾನದ ಹೆಸರಿನಲ್ಲಿ ಶುರುವಾದ ಹೋರಾಟ ಇಷ್ಟು ಬೇಗ ಪ್ರತ್ಯೇಕತೆಗೆ ತಿರುಗಿದ್ದು ಹೇಗೆಂದು ತಿಳಿಯಬೇಕಾದರೆ 15 ವರ್ಷ ಹಿಂದಕ್ಕೆ ಹೋಗಬೇಕು.

1821ರಲ್ಲಿ ಸ್ಪೇನ್‌ನಿಂದ ಬಿಡುಗಡೆ ಪಡೆದ ಮೆಕ್ಸಿಕೊಗೆ ತನ್ನ ಉತ್ತರದ ಗಡಿಯಲ್ಲಿ ಜನರೇ ಇರಲಿಲ್ಲ. ಕೋಮಾಂಚೆ ಮತ್ತು ಅಪಾಚೆ ಪಂಗಡಗಳ ದಾಳಿ ನಡೆದೇ ಇತ್ತು. ಅಲ್ಲಿ ಬೇಸಾಯಗಾರರನ್ನು ನೆಲೆಗೊಳಿಸಿದರೆ ಗಡಿ ಭದ್ರವಾಗುತ್ತದೆಂದು ಸರ್ಕಾರ ಎಣಿಸಿತು. ತಂದೆ ಮೋಸೆಸ್ ಆಸ್ಟಿನ್ ಪಡೆದಿದ್ದ ಪರವಾನಗಿಯನ್ನು ಮುಂದುವರಿಸಿದ ಸ್ಟೀಫನ್ ಆಸ್ಟಿನ್ ಮೊದಲ ಕಂತಿನಲ್ಲಿ ಸುಮಾರು 300 ಕುಟುಂಬಗಳನ್ನು ಅಮೆರಿಕದಿಂದ ಕರೆತಂದ. ಆ ಕಾಲದಲ್ಲಿ ಅಮೆರಿಕದ ಸರ್ಕಾರಿ ಜಮೀನಿಗೆ ಎಕರೆಗೆ ಕನಿಷ್ಠ 1.25 ಡಾಲರ್ ನಗದು ಕೊಡಬೇಕಿತ್ತು. ಟೆಕ್ಸಾಸ್‌ನಲ್ಲಿ ದನ ಸಾಕುವ ಒಂದು ಕುಟುಂಬಕ್ಕೆ 4,428 ಎಕರೆ ಅಲ್ಪ ಶುಲ್ಕಕ್ಕೆ ಸಿಗುತ್ತಿತ್ತು. ಕ್ಯಾಥೊಲಿಕ್ ಮತವನ್ನು ಒಪ್ಪಬೇಕು, ಮೆಕ್ಸಿಕೊಗೆ ನಿಷ್ಠರಾಗಿರಬೇಕು ಎಂಬ ಷರತ್ತುಗಳಿದ್ದವಾದರೂ ಅವನ್ನು ಯಾರೂ ಬಿಗಿಯಾಗಿ ಜಾರಿಗೆ ತರಲಿಲ್ಲ.

1824ರ ಸಂವಿಧಾನ ಮೆಕ್ಸಿಕೊವನ್ನು ರಾಜ್ಯಗಳ ಒಕ್ಕೂಟವಾಗಿಸಿತು. ಪ್ರತ್ಯೇಕ ರಾಜ್ಯವಾಗುವಷ್ಟು ಟೆಕ್ಸಾಸ್ ಬೆಳೆಯುವವರೆಗೆ ಅದನ್ನು ನೆರೆಯ ಕೊವಾಹುಯಿಲಾದೊಂದಿಗೆ ಸೇರಿಸಿ ಒಂದೇ ರಾಜ್ಯ ಮಾಡಲಾಯಿತು. ಈ ರಾಜ್ಯದ ರಾಜಧಾನಿ ಸಾಲ್ಟಿಯೊ ನೂರಾರು ಮೈಲಿ ದೂರವಿದ್ದು, ಕಾನೂನುಗಳೆಲ್ಲ ಸ್ಪ್ಯಾನಿಷ್ ಭಾಷೆಯಲ್ಲಿದ್ದವು. ಆದರೂ ಇಷ್ಟರಿಂದಲೇ ದಂಗೆ ಏಳುವ ಮನಸ್ಸು ಹೆಚ್ಚಿನವರಿಗೆ ಇರಲಿಲ್ಲ. 1826ರ ಕೊನೆಯಲ್ಲಿ ಪೂರ್ವ ಟೆಕ್ಸಾಸ್‌ನ ನಾಕೊಗ್ಡೋಚೆಸ್‌ನಲ್ಲಿ ಇನ್ನೊಬ್ಬ ವಲಸಿಗ ಮುಖಂಡ ಹೇಡನ್ ಎಡ್ವರ್ಡ್ಸ್ ಕಡೆಯವರು ‘ಫ್ರೆಡೋನಿಯಾ’ ಗಣರಾಜ್ಯವನ್ನು ಘೋಷಿಸಿದಾಗ, ಅದನ್ನು ಅಡಗಿಸಲು ಆಸ್ಟಿನ್ ಸರ್ಕಾರದ ಪಕ್ಷಕ್ಕೇ ನಿಂತ.

ವಲಸಿಗರಲ್ಲಿ ಬಹುಪಾಲು ಜನ ಅಮೆರಿಕದ ದಕ್ಷಿಣದ ರಾಜ್ಯಗಳವರಾಗಿದ್ದು, ಹತ್ತಿ ಬೆಳೆಯಲು ಗುಲಾಮರನ್ನು ಜೊತೆಗೆ ತಂದಿದ್ದರು. 1827ರ ರಾಜ್ಯ ಸಂವಿಧಾನ ಗುಲಾಮರ ಮಕ್ಕಳು ಹುಟ್ಟಿನಿಂದಲೇ ಸ್ವತಂತ್ರರೆಂದು ಸಾರಿ, ಆರು ತಿಂಗಳ ನಂತರ ಹೊಸ ಗುಲಾಮರನ್ನು ತರುವಂತಿಲ್ಲ ಎಂದಿತು. ವಲಸಿಗರು ಗುಲಾಮರಿಂದ 99 ವರ್ಷಗಳ ಜೀತದ ಕರಾರಿಗೆ ರುಜು ಹಾಕಿಸಿಕೊಂಡು ಕಾನೂನಿನಿಂದ ನುಣುಚಿಕೊಂಡರು. 1829ರಲ್ಲಿ ಅಧ್ಯಕ್ಷ ವಿಸೆಂಟೆ ಗೆರೆರೊ ದೇಶದಲ್ಲೆಲ್ಲ ಗುಲಾಮಗಿರಿಯನ್ನು ರದ್ದು ಮಾಡಿದನಾದರೂ ಒತ್ತಡಕ್ಕೆ ಮಣಿದು ಅದೇ ವರ್ಷ ಟೆಕ್ಸಾಸ್‌ಗೆ ವಿನಾಯಿತಿ ಕೊಟ್ಟ. ವಿನಾಯಿತಿ ಸಿಕ್ಕಿತು, ಆದರೆ ಆತಂಕ ಉಳಿಯಿತು. ಟೆಕ್ಸಾಸ್ ಗುಲಾಮರಿರುವ ನಾಡಾಗಲೇಬೇಕೆಂದು ಸ್ವತಃ ಆಸ್ಟಿನ್ 1833ರ ಪತ್ರವೊಂದರಲ್ಲಿ ಬರೆದ. ಟೆಕ್ಸಾಸ್ ಕಥೆಯನ್ನು ಬರೀ ಸ್ವಾತಂತ್ರ್ಯದ ಕಥೆಯಾಗಿ ಹೇಳುವವರು ಈ ಸಾಲನ್ನು ಓದಲೇಬೇಕು.

ಗಡಿಯ ಸ್ಥಿತಿಯನ್ನು ಪರಿಶೀಲಿಸಲು 1828ರಲ್ಲಿ ಬಂದ ಸೇನಾಧಿಕಾರಿ ಮಾನುಯೆಲ್ ಮಿಯೆರ್ ಇ ತೆರಾನ್, ಉತ್ತರಕ್ಕೆ ಹೋದಂತೆಲ್ಲ ಮೆಕ್ಸಿಕೊದ ಪ್ರಭಾವ ತೆಳುವಾಗುತ್ತಾ ನಾಕೊಗ್ಡೋಚೆಸ್ ತಲಪುವಷ್ಟರಲ್ಲಿ ಇಲ್ಲವೇ ಇಲ್ಲ ಎನ್ನುವಂತಾಗುವುದನ್ನು ಕಂಡ. ಅವನ ಎಚ್ಚರಿಕೆಯ ಫಲವಾಗಿ 1830ರ ಏಪ್ರಿಲ್ 6ರ ಕಾನೂನು ಬಂತು: ಅಮೆರಿಕದಿಂದ ವಲಸೆ ನಿಷಿದ್ಧ, ಹೊಸ ಸೇನಾ ಠಾಣ್ಯಗಳು, ಸುಂಕದ ಕಟ್ಟೆಗಳು. ಸರ್ಕಾರ ರೋಗವನ್ನು ಸರಿಯಾಗಿಯೇ ಗುರುತಿಸಿತ್ತು, ಆದರೆ ನಿಷೇಧವನ್ನು ಜಾರಿಗೊಳಿಸುವ ಶಕ್ತಿ ಅದಕ್ಕಿರಲಿಲ್ಲ. ಕಳ್ಳದಾರಿಯ ವಲಸೆ ನಿಲ್ಲಲಿಲ್ಲ; ಮೊದಲೇ ನೆಲೆಸಿದ್ದವರು ಮಾತ್ರ ಕೆರಳಿದರು.

1832ರಲ್ಲಿ ಅನಹುವಾಕ್ ಠಾಣ್ಯದ ಅಧಿಕಾರಿ ಹುವಾನ್ ಡೇವಿಸ್ ಬ್ರಾಡ್‌ಬರ್ನ್, ಲೂಸಿಯಾನಾದಿಂದ ಓಡಿಬಂದಿದ್ದ ಗುಲಾಮರನ್ನು ಒಪ್ಪಿಸಲು ನಿರಾಕರಿಸಿ, ಅವರ ಒಡೆಯನ ಪರ ಬಂದಿದ್ದ ವಕೀಲ ವಿಲಿಯಂ ಟ್ರಾವಿಸ್‌ನನ್ನು ಬಂಧಿಸಿದ. ಇದಕ್ಕೆ ಸುಂಕದ ತಕರಾರೂ ಸೇರಿ, ವೆಲಾಸ್ಕೊದಲ್ಲಿ ರಕ್ತ ಹರಿಯಿತು. ಆಗಲೂ ವಲಸಿಗರು ಬಂಡಾಯದ ಮಾತಾಡಲಿಲ್ಲ. ಒಕ್ಕೂಟವಾದಿ ಎಂದು ಹೆಸರಾಗಿದ್ದ ಮೆಕ್ಸಿಕೊದ ಸೇನಾನಿ ಸಾಂಟಾ ಅನಾನ ಬೆಂಬಲಿಗರು ತಾವೆಂದರು.

1833ರಲ್ಲಿ ಸಮಾವೇಶ ಸೇರಿ ಪ್ರತ್ಯೇಕ ರಾಜ್ಯದ ಮನವಿಯನ್ನು ಆಸ್ಟಿನ್ ಕೈಯಲ್ಲಿ ದೇಶದ ರಾಜಧಾನಿ ಮೆಕ್ಸಿಕೊ ನಗರಕ್ಕೆ ಕಳಿಸಿದರು. ಅಮೆರಿಕದ ವಲಸೆಯ ಮೇಲಿನ ನಿಷೇಧ ತೆರವಾಯಿತು, ರಾಜ್ಯ ಮಾತ್ರ ಸಿಗಲಿಲ್ಲ. ಬೇಸತ್ತ ಆಸ್ಟಿನ್, ಕೇಂದ್ರದ ಒಪ್ಪಿಗೆಗೆ ಕಾಯದೆ ರಾಜ್ಯ ಸರ್ಕಾರದ ಸಿದ್ಧತೆ ನಡೆಸಿ ಎಂದು ಸಾನ್ ಅಂಟೋನಿಯೊ ಪುರಸಭೆಗೆ ಬರೆದ ಪತ್ರ ಅಧಿಕಾರಿಗಳ ಕೈಸೇರಿತು. 1834ರ ಜನವರಿಯಲ್ಲಿ ಅವನ ಬಂಧನವಾಯಿತು. ಸಂಧಾನದ ಮಾತಾಡಬಲ್ಲ ಒಬ್ಬ ಮುಖಂಡನನ್ನು ಸೆರೆಯಲ್ಲಿಟ್ಟು ಕೇಂದ್ರ ಸರ್ಕಾರ ತನ್ನ ಹಿತವನ್ನೇ ಕೆಡಿಸಿಕೊಂಡಿತೆಂದು ನನಗೆ ಅನಿಸುತ್ತದೆ. 1835ರಲ್ಲಿ ಮರಳಿದ ಆಸ್ಟಿನ್ ಸೆಪ್ಟೆಂಬರ್ ಹೊತ್ತಿಗೆ ಯುದ್ಧವೊಂದೇ ದಾರಿ ಎನ್ನುತ್ತಿದ್ದ.

ಅಷ್ಟರಲ್ಲಿ ಅಧ್ಯಕ್ಷನಾಗಿದ್ದ ಸಾಂಟಾ ಅನಾ, ಅಧಿಕಾರವೆಲ್ಲ ಕೇಂದ್ರದಲ್ಲೇ ಇರಬೇಕೆನ್ನುವ ಕೇಂದ್ರವಾದಿಯಾಗಿ ಬದಲಾಗಿದ್ದ. ರಾಜ್ಯಗಳ ನಾಗರಿಕ ಸೇನೆಯನ್ನು 500 ನಿವಾಸಿಗಳಿಗೆ ಒಬ್ಬನಂತೆ ಕುಗ್ಗಿಸುವ ಆಜ್ಞೆಯನ್ನು ಝಕಾಟೆಕಾಸ್ ರಾಜ್ಯ ಪ್ರತಿಭಟಿಸಿದಾಗ, 1835ರ ಮೇ ತಿಂಗಳಲ್ಲಿ ಅದನ್ನು ಕ್ರೂರವಾಗಿ ಹತ್ತಿಕ್ಕಿದ. ಅಕ್ಟೋಬರ್ 3ರಂದು ರಾಜ್ಯ ಶಾಸನಸಭೆಗಳೇ ರದ್ದಾದವು. ಟೆಕ್ಸಾಸ್ ರಾಜ್ಯವಾಗಬೇಕೆಂಬ ಬೇಡಿಕೆಗೆ ಇನ್ನು ಅರ್ಥವೇ ಉಳಿಯಲಿಲ್ಲ, ಏಕೆಂದರೆ ರಾಜ್ಯಗಳೇ ಇರಲಿಲ್ಲ. ಮಂದಗಾಮಿಗಳೂ ತೀವ್ರಗಾಮಿಗಳೂ ಒಂದಾದದ್ದು ಈ ಹಂತದಲ್ಲಿ. ಶಾಸನಸಭೆಗಳು ರದ್ದಾದ ಹಿಂದಿನ ದಿನವಷ್ಟೇ ಟೆಕ್ಸಾಸ್‌ನ ಗೊಂಜಾಲೆಸ್‌ನಲ್ಲಿ, ಕೋಮಾಂಚೆ ದಾಳಿ ತಡೆಯಲೆಂದು ಸರ್ಕಾರವೇ ಕೊಟ್ಟಿದ್ದ ಸಣ್ಣ ಫಿರಂಗಿಯನ್ನು ಮರಳಿ ಪಡೆಯಲು ಬಂದ ಸೈನಿಕರ ಮೇಲೆ ವಲಸಿಗರು ಗುಂಡು ಹಾರಿಸಿದ್ದರು.

ಯುದ್ಧ ಶುರುವಾದ ಮೇಲೆ ಅಮೆರಿಕದಿಂದ ಸ್ವಯಂಸೇವಕರು ಬಂದು ತುಂಬಿಕೊಂಡರು. ಮೆಕ್ಸಿಕೊದ ಸಂವಿಧಾನದ ಮೇಲೆ ಅವರಿಗೇನೂ ಮಮತೆಯಿರಲಿಲ್ಲ. ಅವರ ಕೈಯಲ್ಲಿದ್ದ ಸಾನ್ ಅಂಟೋನಿಯೊದ ಅಲಾಮೊ ಕೋಟೆ 1836ರ ಮಾರ್ಚ್ 6ರಂದು ಮೆಕ್ಸಿಕೊ ಸೇನೆಯ ವಶವಾಯಿತು, ಗೋಲಿಯಾಡ್‌ನಲ್ಲಿ ಟೆಕ್ಸಾಸ್ ಪಡೆಯ ಸೆರೆಯಾಳುಗಳ ಹತ್ಯೆಯಾಯಿತು, ಏಪ್ರಿಲ್ 21ರಂದು ಸಾನ್ ಹಸಿಂಟೊದಲ್ಲಿ ಟೆಕ್ಸಾಸ್ ಸೇನಾಪತಿ ಸ್ಯಾಮ್ ಹ್ಯೂಸ್ಟನ್‌ನ ಪಡೆ ಗೆದ್ದಿತು. ಸಾಂಟಾ ಅನಾ ಮರುದಿನ ಸೆರೆಸಿಕ್ಕ.

ಸ್ವಾತಂತ್ರ್ಯ ಘೋಷಣೆ ಹೇಳಿಕೊಂಡ ದೂರುಗಳಲ್ಲಿ ಆಸ್ಟಿನ್‌ನ ಸೆರೆವಾಸ, ಜ್ಯೂರಿ ವಿಚಾರಣೆಯ ಕೊರತೆ, ಮತಸ್ವಾತಂತ್ರ್ಯವಿಲ್ಲದಿರುವುದು ಇದ್ದವು; ಗುಲಾಮಗಿರಿಯ ಪ್ರಸ್ತಾಪವೇ ಇರಲಿಲ್ಲ. ಅದೇ ತಿಂಗಳು ರಚನೆಯಾದ ಹೊಸ ಗಣರಾಜ್ಯದ ಸಂವಿಧಾನ ಮಾತ್ರ ಗುಲಾಮರನ್ನು ಬಿಡುಗಡೆ ಮಾಡುವ ಅಧಿಕಾರ ಅದರ ಶಾಸಕಾಂಗವಾದ ಕಾಂಗ್ರೆಸ್‌ಗೆ ಇಲ್ಲವೆಂದಿತು, ಮತ್ತು ಸ್ವತಂತ್ರ ಕರಿಯರು ಕಾಂಗ್ರೆಸ್ಸಿನ ಅನುಮತಿಯಿಲ್ಲದೆ ಅಲ್ಲಿ ಶಾಶ್ವತವಾಗಿ ನೆಲೆಸುವುದನ್ನು ನಿಷೇಧಿಸಿತು. ಮೆಕ್ಸಿಕನ್ ಮೂಲದ ಸ್ಥಳೀಯರಿಗೂ ಈ ಹೊಸ ನಾಡು ತಮ್ಮದಾಗಿ ಉಳಿಯಲಿಲ್ಲ: ಸಾನ್ ಹಸಿಂಟೊದಲ್ಲಿ ವಲಸಿಗರ ಜೊತೆ ನಿಂತು ಹೋರಾಡಿ, ಮುಂದೆ ಸಾನ್ ಅಂಟೋನಿಯೊದ ಮೇಯರ್ ಆದ ಹುವಾನ್ ಸೆಗಿನ್, 1842ರಲ್ಲಿ ದ್ರೋಹದ ಆರೋಪ ಹೊತ್ತು ಮೆಕ್ಸಿಕೊಗೆ ಓಡಿಹೋಗಬೇಕಾಯಿತು.