ಮಳೆಗಾಲದ ತರಗತಿ ಮತ್ತು ಮಂದದೃಷ್ಟಿಯ ಮಕ್ಕಳು

ಜೂನ್‌ನಲ್ಲಿ ಶಾಲೆ ಶುರು, ಮಳೆಯೂ ಶುರು. ಕಾರವಾರ, ಅಂಕೋಲಾ, ಕುಮಟಾ ಕಡೆ ಇದು ಹೊಸದೇನಲ್ಲ. ಮೋಡ ಕವಿದು ಕರೆಂಟೂ ಹೋದರೆ ಹಂಚಿನ ಮಾಡಿನ ಕೋಣೆಗೆ ನಡು ಮಧ್ಯಾಹ್ನವೇ ಮುಸ್ಸಂಜೆ. ಉಳಿದವರು ಹೇಗೋ ಬೋರ್ಡು ಓದಿಕೊಳ್ಳುತ್ತಾರೆ. ಮಂದದೃಷ್ಟಿಯ ಮಗುವಿಗೆ ಬೋರ್ಡೇ ಮಾಯ.

ಒಂದೋ ಕಾಣುತ್ತದೆ, ಇಲ್ಲಾ ಕಾಣುವುದಿಲ್ಲ ಅಂತ ನಾವು ಅಂದುಕೊಂಡಿರುತ್ತೇವೆ. ನಡುವೆ ದೊಡ್ಡ ಜಾಗವಿದೆ. ಕನ್ನಡಕ ಹಾಕಿದ ಮೇಲೂ, ಇದ್ದುದರಲ್ಲಿ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕೆಳಗಿದ್ದು 3/60ರವರೆಗೆ ಇದ್ದರೆ ಅದು ಮಂದದೃಷ್ಟಿ ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. 6/18 ಅಂದರೆ, ಬೇರೆಯವರು 18 ಮೀಟರ್ ದೂರದಿಂದ ಓದುವ ಅಕ್ಷರಕ್ಕೆ ಈ ಮಗು 6 ಮೀಟರ್ ದೂರದವರೆಗೆ ಬರಬೇಕು. ನೋಟದ ಅಗಲ ತೀರಾ ಕಿರಿದಾಗಿದ್ದರೂ ಮಂದದೃಷ್ಟಿಯೇ. ಅಂಥ ಹುಡುಗ ಪುಸ್ತಕ ಸರಾಗವಾಗಿ ಓದುತ್ತಾನೆ, ಹೊರಗೆ ಹೋದರೆ ಮೆಟ್ಟಿಲಿಗೆ ಎಡವುತ್ತಾನೆ. ‘ಸುಮ್ನೆ ನಾಟಕ’ ಅನ್ನುವ ಬೈಗುಳ ಹೆಚ್ಚಾಗಿ ಬೀಳುವುದು ಇವನಿಗೇ.

‘ಮೂಗಿಗೆ ಒತ್ತಿಕೊಂಡು ಓದಬೇಡ, ಕಣ್ಣು ಹಾಳಾಗ್ತದೆ’ ಅನ್ನುವುದು ಇನ್ನೊಂದು. ಈ ಮಕ್ಕಳಿಗೆ ಅದರಿಂದ ಕಣ್ಣು ಕೆಡುವುದಿಲ್ಲ. ದೂರ ಅರ್ಧವಾದರೆ ಕಣ್ಣೊಳಗೆ ಬೀಳುವ ಚಿತ್ರ ಎರಡು ಪಟ್ಟು ದೊಡ್ಡದು. 40 ಸೆಂ.ಮೀ. ದೂರದ ಪುಸ್ತಕವನ್ನು 10 ಸೆಂ.ಮೀ.ಗೆ ತಂದರೆ ನಾಲ್ಕು ಪಟ್ಟು. ಎಳೆ ಕಣ್ಣಿನ ಮಸೂರ ಅಷ್ಟು ಹತ್ತಿರಕ್ಕೂ ಹೊಂದಿಕೊಳ್ಳುತ್ತದೆ. ಖರ್ಚಿಲ್ಲದ ಭೂತಗನ್ನಡಿ, ಅಲ್ವಾ? ಪುಸ್ತಕಕ್ಕೊಂದು ಓರೆ ಹಲಗೆ ಕೊಟ್ಟರೆ ಕುತ್ತಿಗೆ ನೋವೂ ತಪ್ಪುತ್ತದೆ.

ಕೋಣೆ ಕತ್ತಲೆ ಅಂತ ಎಲ್ಲರನ್ನೂ ಕಿಟಕಿ ಪಕ್ಕ ಕೂರಿಸಿದರೆ ಆಗಲಿಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ (ಕಣ್ಣಿನ ಒಳಪರದೆ ನಿಧಾನಕ್ಕೆ ಸವೆಯುವ ಕಾಯಿಲೆ) ಇರುವ ಮಗುವಿನಲ್ಲಿ ಮಬ್ಬು ಬೆಳಕಿಗೆ ಬೇಕಾದ ಕೋಶಗಳೇ ಮೊದಲು ಸೋಲುತ್ತವೆ, ಅದಕ್ಕೆ ಬೆಳಕು ಜಾಸ್ತಿ ಬೇಕು. ಆಲ್ಬಿನಿಸಂ (ಹುಟ್ಟಿನಿಂದಲೇ ಮೈಬಣ್ಣ ಕಡಿಮೆ ಇರುವುದು) ಇರುವ ಮಗುವಿನ ಪಾಪೆಯ ಸುತ್ತ ಬಣ್ಣವೇ ಕಡಿಮೆ. ಬೆಳಕು ಸೋಸದೆ ನುಗ್ಗುತ್ತದೆ, ಹೊಳಪಿಗೆ ಕಣ್ಣು ಮುಚ್ಚಿಹೋಗುತ್ತದೆ. ಅದು ಕಿಟಕಿಗೆ ಬೆನ್ನು ಹಾಕಿ ಕೂರಬೇಕು. ಎಲ್ಲಿ ಚೆನ್ನಾಗಿ ಕಾಣುತ್ತದೆ ಅಂತ ಮಗುವನ್ನೇ ಕೇಳುವುದು ಸುಲಭ.

ಪೂರ್ತಿ ಕಣ್ಣು ಕಾಣದ ಮಗುವಿನ ಕಷ್ಟ ಬೇರೆ. ಹಂಚಿನ ಮೇಲೆ, ಅದಕ್ಕಿಂತ ತಗಡಿನ ಮೇಲೆ, ಮಳೆ ಹೊಡೆದರೆ ಮಾತಿನ ಸಣ್ಣ ದನಿಗಳೆಲ್ಲ ಮುಳುಗುತ್ತವೆ. ಸ, ತ, ಪ ಇವೆಲ್ಲ ಮೊದಲೇ ತೆಳು. ಕಣ್ಣು ಕಾಣುವವರು ತಮಗೇ ಗೊತ್ತಿಲ್ಲದೆ ಅಕ್ಕೋರ ತುಟಿ ನೋಡಿ ಅರ್ಧ ಊಹಿಸುತ್ತಾರೆ. ಈ ಮಗುವಿಗೆ ಆ ಆಸರೆ ಇಲ್ಲ. ಮಳೆ ಇನ್ನೂ ಜೋರಾದರೆ ಅಕ್ಕೋರು ಏನು ಮಾಡುತ್ತಾರೆ? ಮಾತು ನಿಲ್ಲಿಸಿ ಬೋರ್ಡಿನ ಮೇಲೆ ಬರೆಯುತ್ತಾರೆ!

ಆಗ ಉಳಿಯುವುದು ಬೆರಳು. ಬೆರಳಾಡಿಸಿ ಓದುವ ಉಬ್ಬುಚುಕ್ಕೆಯ ಲಿಪಿ ಬ್ರೈಲ್‌ನ ಒಂದು ಮನೆಯಲ್ಲಿ ಆರು ಚುಕ್ಕೆ, ಅವುಗಳಲ್ಲಿ 63 ವಿನ್ಯಾಸ. ಕನ್ನಡಕ್ಕೂ ಬಳಸುವ ಭಾರತಿ ಬ್ರೈಲ್‌ನಲ್ಲಿ ಗುಣಿತವನ್ನು ಬಿಡಿಸಿ ಬರೆಯುತ್ತಾರೆ. ‘ಮೀನು’ ನಮಗೆ ಎರಡು ಅಕ್ಷರ. ಬೆರಳಿಗೆ ಮ, ಈ, ನ, ಉ ಅಂತ ನಾಲ್ಕು ಮನೆ. ಚುಕ್ಕೆಯಿಂದ ಚುಕ್ಕೆಗೆ ಸುಮಾರು 2.5 ಮಿ.ಮೀ., ಎತ್ತರ ಅರ್ಧ ಮಿ.ಮೀ. ಆಸುಪಾಸು.

ಆ ಅರ್ಧ ಮಿಲಿಮೀಟರನ್ನೂ ಕರಾವಳಿಯ ಥಂಡಿ ಬಿಡುವುದಿಲ್ಲ. ಕಾಗದ ಎಷ್ಟೇ ದಪ್ಪವಿರಲಿ, ತೇವ ಹೀರಿ ಮೆತ್ತಗಾಗುತ್ತದೆ, ಬೆರಳು ಆಡಿದಷ್ಟೂ ಚುಕ್ಕೆ ಕೂರುತ್ತದೆ. ದಿನಾ ತಿರುವಿ ಹಾಕುವ ಮಗ್ಗಿ, ಕಾಗುಣಿತಗಳನ್ನಾದರೂ ಪ್ಲಾಸ್ಟಿಕ್ ಹಾಳೆಯ ಮೇಲೆ ಮಾಡಿಸಿಕೊಳ್ಳುವುದು ವಾಸಿ. ಉಳಿದ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸದೆ ನಿಲ್ಲಿಸಿಡಬೇಕು, ಒದ್ದೆ ಗೋಡೆಯಿಂದ ದೂರ.